ಎರಡು ಮೊಳದ ದೂರ

ದೂರದ ಕನ್ನಡಕ ತೆಗೆಯಲು ಮರೆತು, ನಾನು ಒಂದು ಕೋಟಿನ ತೋಳನ್ನು ಒಳಗಿನ ಲೈನಿಂಗಿನ ಜೊತೆ ಸೇರಿಸಿ ಹೊಲಿದುಬಿಟ್ಟೆ. ಗಿರಾಕಿ ಅಂಗಡಿಯಲ್ಲೇ ತೊಟ್ಟು ನೋಡಿದರು. ಕೈ ಮೊಣಕೈವರೆಗೆ ಹೋಯಿತು, ಮುಂದೆ ಹೋಗಲಿಲ್ಲ. ಕತ್ತಲ ಕೋಣೆಯಲ್ಲಿ ಬಾಗಿಲು ಹುಡುಕುವವರ ಹಾಗೆ ಅವರು ತೋಳಿನೊಳಗೆ ತಡಕಾಡುತ್ತ ನಿಂತರು. ನಗು ಬರಬೇಕಿತ್ತು, ಯಾರಿಗೂ ಬರಲಿಲ್ಲ.

ನಾನು ರಫೂ ಮಾಡುವವಳು. ಸುಟ್ಟ ಬಟ್ಟೆ, ಹುಳ ತಿಂದ ಬಟ್ಟೆ ಬಂದರೆ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ತೆಗೆದು, ಅಲ್ಲಿ ತೂತಿತ್ತು ಅನ್ನುವುದೇ ತಿಳಿಯದ ಹಾಗೆ ನೇಯುತ್ತೇನೆ. ಮೂವತ್ತೊಂದು ವರ್ಷದಿಂದ ಒಂದೇ ಲಾಂಡ್ರಿ, ಕಿಟಕಿ ಪಕ್ಕದ ಅದೇ ಕುರ್ಚಿ. ಇಂಥ ತಪ್ಪು ಹಿಂದೆ ಆಗಿರಲಿಲ್ಲ.

ಯಜಮಾನರು ಗಿರಾಕಿಯನ್ನು ಸಮಾಧಾನ ಮಾಡಿ ಕಳಿಸಿ ನನ್ನ ಹತ್ತಿರ ಬಂದರು.

"ಅಕ್ಕಾ, ನಿಮ್ಮನ್ನ ಬಯ್ಯೋಕೆ ನನಗೆ ಬಾಯಿ ಬರಲ್ಲ. ಆದ್ರೆ ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಕೌಂಟರಿಗೆ ಹಾಕ್ಬೇಕಾಗುತ್ತೆ. ಚೀಟಿ ಬರೆಯೋ ಕೆಲಸ."

"ನಾನು ಓದಿದ್ದು ನಾಲ್ಕನೇ ಕ್ಲಾಸು. ಚೀಟಿ ಹೇಗೆ ಬರೀಲಿ?"

"ಅದಕ್ಕೇ ಹೇಳ್ತಿರೋದು. ಎರಡು ಕನ್ನಡಕದ ಸಹವಾಸ ಬಿಡಿ. ಈಗ ಎಲ್ಲ ಒಂದರಲ್ಲೇ ಬರುತ್ತಂತೆ. ಎದುರಿಗೇ ಅಂಗಡಿ ಇದೆ, ಹೋಗಿ ಮಾಡಿಸ್ಕೊಳ್ಳಿ."

ಎದುರಿಗೇ ಅಂಗಡಿ ಇದ್ದದ್ದೇ ತೊಂದರೆ ಎಂದು ಅವರಿಗೆ ಹೇಗೆ ಹೇಳಲಿ.

ನನ್ನ ಒಂದು ಕನ್ನಡಕದಲ್ಲಿ ಸೂಜಿಯ ಕಣ್ಣು ಕಾಣುತ್ತಿತ್ತು. ಇನ್ನೊಂದರಲ್ಲಿ ರಸ್ತೆಯ ಆಚೆ ಕಾಣುತ್ತಿತ್ತು. ರಸ್ತೆಯ ಆಚೆ ಕನ್ನಡಕದ ಅಂಗಡಿ. ಅದರ ಕಿಟಕಿಯಲ್ಲಿ ಕೂತು ಗಾಜಿನ ಅಂಚು ಉಜ್ಜುತ್ತಿದ್ದವರನ್ನು ಬೀದಿಯವರೆಲ್ಲ ಕನ್ನಡಕದವರು ಅನ್ನುತ್ತಿದ್ದರು. ನಾನು ಮನಸ್ಸಿನೊಳಗೂ ಹಾಗೇ ಅನ್ನುತ್ತಿದ್ದೆ.

ದಿನಾ ನಾಲ್ಕು ಗಂಟೆಗೆ, ಕಣ್ಣಿಗೆ ಬಿಡುವು ಬೇಕು ಎಂದು ನನಗೆ ನಾನೇ ಹೇಳಿಕೊಂಡು, ಹತ್ತಿರದ್ದನ್ನು ತೆಗೆದು ದೂರದ್ದನ್ನು ಹಾಕಿಕೊಳ್ಳುತ್ತಿದ್ದೆ. ಆ ಹೊತ್ತಿಗೆ ಅವರೂ ತಲೆ ಎತ್ತುತ್ತಿದ್ದರು. ಅದು ನಗುವಲ್ಲ, ನಗುವಿಗೆ ಸ್ವಲ್ಪ ಮುಂಚಿನದು. ಆಮೇಲೆ ಇಬ್ಬರೂ ತಲೆ ತಗ್ಗಿಸಿ ಕೆಲಸಕ್ಕೆ. ಹೀಗೆ ಹನ್ನೊಂದು ವರ್ಷ. ಮಾತಾಡುತ್ತಿದ್ದದ್ದು ಕನ್ನಡಕದ ಸ್ಕ್ರೂ ಸಡಿಲವಾದಾಗ ಮಾತ್ರ. ನನ್ನ ಕನ್ನಡಕದ ಸ್ಕ್ರೂ ಬೇರೆಯವರದಕ್ಕಿಂತ ಬೇಗ ಸಡಿಲವಾಗುತ್ತಿತ್ತು.

ಆ ಕೋಟು ಹೊಲಿದ ದಿನವೂ ನಾಲ್ಕಕ್ಕೆ ದೂರದ್ದು ಹಾಕಿಕೊಂಡಿದ್ದೆ. ಅವರು ತಲೆ ಎತ್ತಲಿಲ್ಲ. ಈಗ ಎತ್ತುತ್ತಾರೆ, ಇನ್ನೊಂದು ಗಳಿಗೆಗೆ ಎತ್ತುತ್ತಾರೆ ಎಂದು ಕಾಯುತ್ತ, ಕೈಯಲ್ಲಿದ್ದ ತೋಳನ್ನು ಹೊಲಿಯುತ್ತ ಹೋಗಿದ್ದೆ.

ರಾತ್ರಿಯ ಊಟಕ್ಕೆ ಕೂತಾಗ ತಮ್ಮನ ಮಗಳು ನಕ್ಕಳು. ನಾನಿರುವುದು ತಮ್ಮನ ಮನೆಯಲ್ಲೇ.

"ಸೂಜಿ ಅತ್ತೆ, ಕೊರಳಲ್ಲೊಂದು, ತಲೆ ಮೇಲೊಂದು. ಎರಡೂ ಇಟ್ಕೊಂಡು ಕನ್ನಡಕ ಎಲ್ಲಿ ಅಂತೀಯ. ಎರಡೂ ಒಂದರಲ್ಲೇ ಇರೋ ಪ್ರೋಗ್ರೆಸಿವ್ ಮಾಡಿಸ್ಕೊ. ನಮ್ಮ ಆಫೀಸಲ್ಲಿ ನಿನ್ನ ವಯಸ್ಸಿನವರೆಲ್ಲ ಅದನ್ನೇ ಹಾಕೋದು."

"ನೋಡೋಣ."

"ಏನು ನೋಡೋಣ? ಬದಲಾಯಿಸೋ ಕಷ್ಟವೇ ಇರಲ್ಲ."

ನನಗೆ ಬೇಕಾಗಿದ್ದದ್ದು ಆ ಬದಲಾಯಿಸುವ ಕಷ್ಟವೇ. ಅದಿಲ್ಲದಿದ್ದರೆ ನಾನು ಯಾವಾಗ ನೋಡುತ್ತೇನೆಂದು ಕನ್ನಡಕದವರಿಗೆ ಹೇಗೆ ತಿಳಿಯಬೇಕು. ನಾಲ್ಕು ದಿನ ಹೋಗುವುದೋ ಬೇಡವೋ ಎಂದು ಒದ್ದಾಡಿದೆ. ಐದನೆಯ ದಿನ, ಕೆಲಸ ಹೋದರೆ ಕಿಟಕಿಯೂ ಹೋಗುತ್ತದಲ್ಲ ಅನ್ನಿಸಿ ರಸ್ತೆ ದಾಟಿದೆ.

"ಸ್ಕ್ರೂನಾ?" ಎಂದರು ಕನ್ನಡಕದವರು.

"ಅಲ್ಲ. ಎರಡನ್ನೂ ಸೇರಿಸಿ ಒಂದು ಮಾಡಿಸ್ಬೇಕು."

ಅವರು ಆಗಲೇ ಎತ್ತಿಕೊಂಡಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ಆಮೇಲೆ ಒಂದು ಗಾಜನ್ನು ಎತ್ತಿ ಹಿಡಿದು ವಿವರಿಸಿದರು. ಮೇಲಿನ ಭಾಗ ದೂರಕ್ಕೆ, ಕೆಳಗಿನದು ಹತ್ತಿರಕ್ಕೆ.

"ಮಧ್ಯದಲ್ಲಿ ಇರೋದು ಎರಡು ಮೊಳದ ದೂರಕ್ಕೆ. ಮೇಜಿನ ಆಚೆ ಕೂತವರು, ಪಕ್ಕದಲ್ಲಿ ಕೂತವರು. ಅದು ನಿಮ್ಮ ಎರಡು ಕನ್ನಡಕದಲ್ಲೂ ಇರಲಿಲ್ಲ."

"ಆ ದೂರದಲ್ಲಿ ನೋಡೋಕೆ ನನಗೆ ಯಾರೂ ಇಲ್ಲ."

"ನನಗೂ ಅಷ್ಟೇ," ಎಂದರು ಅವರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದರು. "ಇನ್ನೊಂದು. ಇದರಲ್ಲಿ ಅಕ್ಕಪಕ್ಕ ಮಬ್ಬು. ಮೂಗು ಎತ್ತ ಇರುತ್ತೋ ಅತ್ತ ಮಾತ್ರ ಸ್ಪಷ್ಟ. ಓರೆಗಣ್ಣು ನಡೆಯಲ್ಲ."

"ಈ ವಯಸ್ಸಲ್ಲಿ ಓರೆಗಣ್ಣು ಯಾರಿಗೆ ಬೇಕು."

"ಹಾಗನ್ಬೇಡಿ," ಎಂದರು ಮೆಲ್ಲಗೆ.

ಅಳತೆಗೆ ಎದುರುಬದುರು ಕೂತೆವು. ಈ ಕನ್ನಡಕಕ್ಕೆ ಅಳತೆಯೇ ಪ್ರಾಣ; ಕಣ್ಣಿನ ಪಾಪೆ ಎಲ್ಲಿದೆಯೋ ಸರಿಯಾಗಿ ಅಲ್ಲಿ, ಫ್ರೇಮಿನ ನಮೂನೆ ಗಾಜಿನ ಮೇಲೆ ಪೆನ್ನಿನಿಂದ ಚುಕ್ಕಿ ಇಡಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಟ್ಟಿತು.

"ನೇರವಾಗಿ ನನ್ನ ಕಣ್ಣನ್ನೇ ನೋಡಿ. ಅಲ್ಲಾಡಬೇಡಿ."

ಹನ್ನೊಂದು ವರ್ಷಕ್ಕೆ ಮೊದಲ ಸಲ ಅಷ್ಟು ಹತ್ತಿರದಿಂದ ನೋಡಿದೆ. ಆದರೆ ಅವರು ನನ್ನ ಕಣ್ಣನ್ನು ನೋಡುತ್ತಿರಲಿಲ್ಲ, ಕಿವಿಯನ್ನು ನೋಡುತ್ತಿದ್ದರು. ಎದುರಿಗೆ ಕೂರಿಸಿಕೊಂಡೂ ನೋಡಲು ಇಷ್ಟವಿಲ್ಲವೇ ಎಂದು ಮುಖ ಬಿಸಿಯಾಯಿತು. ಚುಕ್ಕಿ ಇಟ್ಟರು, ಒರೆಸಿದರು, ಮತ್ತೆ ಇಟ್ಟರು.

ಆಮೇಲೆ ಪೆನ್ನಿನ ಮುಚ್ಚಳ ಹಾಕಲು ಹೋದರು. ಮುಚ್ಚಳ ಪೆನ್ನಿನ ಪಕ್ಕಕ್ಕೆ ಹೋಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಬೆರಳಿನಿಂದ ತಡವಿ ಹಾಕಿದರು. ನಾನು ಇಡೀ ಜೀವಮಾನ ಸೂಜಿಗೆ ದಾರ ಪೋಣಿಸಿದವಳು. ಕಾಣದ ಕೈ ಹೇಗೆ ಹುಡುಕುತ್ತದೆ ಎಂದು ನನಗೆ ಗೊತ್ತು.

ಕೋಪವೆಲ್ಲ ಒಂದೇ ಸಲ ಇಳಿದುಹೋಯಿತು. ಅದರ ಜಾಗಕ್ಕೆ ಬಂದದ್ದು ಇನ್ನೂ ಭಾರವಾಗಿತ್ತು.

ಹತ್ತು ದಿನಕ್ಕೆ ಕನ್ನಡಕ ಬಂತು. ಹಾಕಿಕೊಂಡೆ. ನೆಲ ಒಂದು ಗೇಣು ಮೇಲೆದ್ದಿತು. ಬಾಗಿಲಿನ ಚೌಕಟ್ಟು ಬಾಗಿತು. ಹತ್ತಿರದ್ದು ಕಾಣಬೇಕಾದರೆ ಗದ್ದ ಎತ್ತಿ ಕತ್ತನ್ನು ಎಡಕ್ಕೆ ತಿರುಗಿಸಬೇಕಿತ್ತು, ಕಾಳು ನೋಡುವ ಕೋಳಿಯ ಹಾಗೆ.

"ಹೇಗಿದೆ?" ಎಂದರು.

"ಚೆನ್ನಾಗಿದೆ."

"ಹೊಂದಿಕೊಳ್ಳೋಕೆ ಹದಿನೈದು ದಿನ ಬೇಕು."

"ಹೊಂದ್ಕೋತೀನಿ."

ಹಿಂದಕ್ಕೆ ಕೊಟ್ಟರೆ ಆ ಅಂಗಡಿಯ ಯಜಮಾನಿ, ಯಾರು ಅಳತೆ ತೆಗೆದದ್ದು ಎಂದು ಕೇಳುತ್ತಾರೆ. ಕೇಳಿದರೆ ಆ ಕಿಟಕಿ ಖಾಲಿಯಾಗುತ್ತದೆ. ಅಷ್ಟೇ ನನ್ನ ಲೆಕ್ಕಾಚಾರ.

ಬೀದಿಯಲ್ಲಿ ಹೊಸದನ್ನು ಹಾಕಿಕೊಂಡು, ಮೆಟ್ಟಿಲಿನಲ್ಲಿ ಗೋಡೆ ಹಿಡಿದು ನಡೆದೆ. ಸಂಜೆಗೆ ತಲೆ ಸಿಡಿಯುತ್ತಿತ್ತು. ಕೆಲಸ ಮಾತ್ರ ಅದರಲ್ಲಿ ಸಾಧ್ಯವೇ ಇರಲಿಲ್ಲ. ಕುರ್ಚಿಯನ್ನು ತಿರುಗಿಸಿ, ಕಿಟಕಿಗೆ ಬೆನ್ನು ಹಾಕಿ, ಕದ್ದು ಹಳೆಯ ಕನ್ನಡಕ ಹಾಕಿಕೊಂಡು ಹೊಲಿದೆ. ನನ್ನ ನೆರಳೇ ನನ್ನ ಬಟ್ಟೆಯ ಮೇಲೆ ಬೀಳುತ್ತಿತ್ತು.

"ಬೆಳಕಿಗೆ ಬೆನ್ನು ಹಾಕಿ ಕೂತಿದ್ದೀರಲ್ಲ ಅಕ್ಕಾ," ಎಂದರು ಯಜಮಾನರು.

"ಬಿಸಿಲು ಹೊಡೆಯುತ್ತೆ."

"ಮೂವತ್ತು ವರ್ಷ ಹೊಡೀಲಿಲ್ವಾ?"

ನಾಲ್ಕು ಗಂಟೆ ಬರುತ್ತಿತ್ತು, ಹೋಗುತ್ತಿತ್ತು. ನಾನು ತಿರುಗುತ್ತಿರಲಿಲ್ಲ. ಅವರ ಕೆಲಸ ಉಳಿಸಲು ಅವರನ್ನು ನೋಡುವುದನ್ನೇ ಬಿಟ್ಟಿದ್ದೆ. ಇದರಲ್ಲಿ ಬುದ್ಧಿ ಎಷ್ಟಿತ್ತೋ ಈಗಲೂ ಗೊತ್ತಿಲ್ಲ.

ನಲವತ್ತನೆಯ ದಿನವೋ ಏನೋ, ಬೆನ್ನ ಹಿಂದೆ ಹೊಸ್ತಿಲನ್ನು ಕಾಲಿನಿಂದ ಹುಡುಕುವ ಸದ್ದಾಯಿತು. ಕನ್ನಡಕದವರು ರಸ್ತೆ ದಾಟಿ ಬಂದದ್ದು ಅದೇ ಮೊದಲು.

"ನನ್ನ ಮೇಲೆ ಬೇಜಾರಾ?" ಎಂದರು.

"ಇಲ್ವಲ್ಲ."

"ಮತ್ತೆ ಬೆನ್ನು ಯಾಕೆ? ಅವತ್ತು ಅಳತೆ ತೆಗೆಯುವಾಗ ಏನಾದ್ರೂ ತಪ್ಪಾಗಿ..."

ಮಾತು ಅಲ್ಲಿಗೇ ನಿಂತಿತು. ಮುಖವನ್ನು ಪಕ್ಕಕ್ಕೆ ಹೊರಳಿಸಿ, ನನ್ನ ಮೂಗಿನ ಮೇಲಿದ್ದ ಹಳೆಯ ಕನ್ನಡಕವನ್ನೂ ಸೂಜಿಡಬ್ಬಿಯಲ್ಲಿ ಮಲಗಿದ್ದ ಹೊಸದನ್ನೂ ನೋಡಿದರು. ಹೊಸದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸವರಿದರು.

"ತಪ್ಪು ಗುರುತು ಹಾಕಿದ್ದೀನಿ. ಅಲ್ವಾ?"

ನಾನು ದಾರ ಸುತ್ತುತ್ತ ಕೂತೆ.

"ಯಾವಾಗಿಂದ ಗೊತ್ತು ನಿಮಗೆ?"

"ಪೆನ್ನಿನ ಮುಚ್ಚಳದ ದಿನದಿಂದ."

ಅವರು ಗಿರಾಕಿಗಳ ಸ್ಟೂಲ್ ಮೇಲೆ ಕೂತರು. ಎರಡು ವರ್ಷವಾಯಿತಂತೆ. ಮೊದಲು ನೇರ ಗೆರೆಗಳು ಡೊಂಕಾದವು, ಆಮೇಲೆ ನೋಟದ ನಡುಮಧ್ಯೆ ಒಂದು ಮಬ್ಬು ಕೂತಿತು. ನೇರ ನೋಡಿದರೆ ಅದೇ. ಬದಿಯಲ್ಲಿ ಮಾತ್ರ ಜಗತ್ತು ಉಳಿದಿದೆ. ಇದಕ್ಕೆ ಕನ್ನಡಕವಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಗಾಜು ಉಜ್ಜೋದು ಬೆರಳಿಗೆ ಗೊತ್ತು, ಸದ್ದಿಗೆ ಗೊತ್ತು. ಚುಕ್ಕಿ ಇಡೋದು ಕಣ್ಣೇ ಮಾಡ್ಬೇಕು. ಮೂರು ಜನ ವಾಪಸ್ ತಂದ್ರು. ಫ್ಯಾಕ್ಟರಿ ತಪ್ಪು ಅಂದೆ."

"ಮತ್ತೆ ದಿನಾ ನಾಲ್ಕು ಗಂಟೆಗೆ..."

"ನಿಮ್ಮ ಮುಖ ಕಾಣದೆ ಎರಡು ವರ್ಷ ಆಯ್ತು. ನೀವು ಕನ್ನಡಕ ಬದಲಾಯಿಸುವಾಗ ಗಾಜು ಒಂದು ಸಲ ಮಿಂಚುತ್ತೆ. ಅದು ಕಂಡ್ರೆ ತಲೆ ಎತ್ತುತ್ತಿದ್ದೆ. ಮೋಡ ಇದ್ದ ದಿನ ಗೊತ್ತಾಗ್ತಿರಲಿಲ್ಲ."

ಕೋಟಿನ ದಿನ ಮೋಡವಿತ್ತು. ಚೆನ್ನಾಗಿ ನೆನಪಿದೆ.

ಅವರು ಎದ್ದರು. "ಯಜಮಾನಿಗೆ ಹೇಳಿಬಿಡ್ತೀನಿ."

"ಬೇಡ. ನಾನು ಇದರಲ್ಲೇ ಹೊಂದ್ಕೋತೀನಿ. ಯಾರಿಗೂ ಗೊತ್ತಾಗಲ್ಲ."

"ನೀವು ಹೊಂದ್ಕೋತೀರಿ. ಇನ್ಯಾರೋ ಮೆಟ್ಟಿಲಲ್ಲಿ ಬೀಳ್ತಾರೆ."

"ಹೇಳಿದ್ರೆ ನೀವು ಆ ಕಿಟಕಿಯಲ್ಲಿ ಇರಲ್ಲ," ಎಂದೆ. ಹನ್ನೊಂದು ವರ್ಷದಲ್ಲಿ ನಾನು ಬಾಯಿಬಿಟ್ಟು ಹೇಳಿದ್ದು ಅದೊಂದೇ.

ಅವರಿಗೆ ಅರ್ಥವಾಯಿತು. ಮುಖದಲ್ಲಿ ಕಂಡಿತು.

"ನನಗೋಸ್ಕರ ಇನ್ನು ಮೇಲೆ ಸುಳ್ಳು ಹೇಳ್ಬೇಡಿ," ಎಂದರು. "ಕಾಣದವನಿಗೆ ಸುತ್ತ ಇರೋರ ಮಾತೇ ಕಣ್ಣು. ಅದೂ ಸುಳ್ಳಾದ್ರೆ ನಾನು ಎಲ್ಲಿಗೆ ಹೋಗ್ಲಿ?"

ಹೊಸ ಕನ್ನಡಕವನ್ನು ಜೇಬಿಗೆ ಹಾಕಿಕೊಂಡು, ಎಡಕ್ಕೂ ಬಲಕ್ಕೂ ಕಿವಿಗೊಟ್ಟು, ರಸ್ತೆ ದಾಟಿ ಹೋದರು. ನಾನು ಕುರ್ಚಿಯನ್ನು ಮತ್ತೆ ಕಿಟಕಿಗೆ ತಿರುಗಿಸಿದೆ. ಇನ್ನು ಬೆನ್ನು ಹಾಕಿ ಕೂರಲು ಕಾರಣವಿರಲಿಲ್ಲ.

ಮುಂದಿನ ವಾರ ಆ ಕಿಟಕಿಯಲ್ಲಿ ಅಳತೆ ತೆಗೆಯುವ ಒಂದು ಮೆಷಿನ್ ಬಂದು ಕೂತಿತು. ಬಿಳಿಯದು, ಮೂಲೆಯಲ್ಲಿ ಹಸಿರು ದೀಪ. ನಾಲ್ಕು ಗಂಟೆಗೆ ನಾನು ದೂರದ ಕನ್ನಡಕ ಹಾಕಿಕೊಳ್ಳುತ್ತಿದ್ದೆ. ಹಸಿರು ದೀಪ ಕಾಣುತ್ತಿತ್ತು.

ಅವರ ಯಜಮಾನಿ ಒಳ್ಳೆಯವರು. ಹೇಳಿಕಳಿಸಿ, ಮೆಷಿನಿನಲ್ಲಿ ಅಳತೆ ತೆಗೆಸಿ, ಗಾಜು ಬದಲಾಯಿಸಿ ಕೊಟ್ಟರು. ನೆಲ ಅದರ ಜಾಗದಲ್ಲಿತ್ತು, ಚೌಕಟ್ಟು ನೆಟ್ಟಗಿತ್ತು. ಆದರೂ ಅದನ್ನು ಡಬ್ಬಿಯಲ್ಲೇ ಇಟ್ಟೆ. ಸೂಜಿಗೆ ಹಳೆಯದೇ ಸರಿ ಎಂದು ಲಾಂಡ್ರಿ ಯಜಮಾನರಿಗೂ ಹೇಳಿದೆ. "ಕೋಟು ಕೈಗೆ ಬಂದ್ರೆ ಸಾಕು, ಯಾವ್ದಾದ್ರೂ ಹಾಕ್ಕೊಳ್ಳಿ," ಎಂದರು.

ಆರು ವಾರ ಕನ್ನಡಕದವರ ಸುದ್ದಿಯಿಲ್ಲ. ಅಕ್ಕನ ಮನೆ ಎಲ್ಲಿ ಎಂದು ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಬೀದಿಯವರ ಬಾಯಿಗೆ ನಾನು ಹೆದರಿದೆ. ಈ ಮಾತು ಹೇಳಲು ನಾಚಿಕೆಯಾಗುತ್ತದೆ.

ಒಂದು ಸಂಜೆ ಲಾಂಡ್ರಿಯ ಹೊರಗಿನ ಬೆಂಚಿನ ಮೇಲೆ ಅವರು ಕೂತಿದ್ದರು. ತೆಳ್ಳಗಾಗಿದ್ದರು. ಅಂಗಿಯ ಗುಂಡಿ ಒಂದು ಕಾಜ ತಪ್ಪಿತ್ತು. ನಾನು ಹೋಗಿ ಎದುರಿಗೆ ನಿಂತೆ.

"ಯಾರು?" ಎಂದರು. ಆ ಒಂದು ಮಾತು ನನ್ನೊಳಗೆ ಎಲ್ಲೋ ಕೊಯ್ದಿತು.

"ನಾನು. ರಫೂ."

"ಎದುರಿಗೆ ನಿಂತ್ರೆ ನೀವು ಇರೋದೇ ಇಲ್ಲ," ಎಂದು ಬೆಂಚನ್ನು ತಟ್ಟಿದರು. "ಪಕ್ಕದಲ್ಲಿ ಕೂತ್ಕೊಳ್ಳಿ. ಪಕ್ಕದಲ್ಲಿದ್ರೆ ಕಾಣ್ತೀರಿ."

ಎಡಗಡೆ ಕೂತೆ. ಅವರು ನೇರವಾಗಿ ಎದುರಿನ ದೀಪದ ಕಂಬವನ್ನು ನೋಡುತ್ತಿದ್ದರು. ಹಾದುಹೋಗುವವರಿಗೆ, ಈ ಹೆಂಗಸಿನ ಕಡೆ ಇವರು ತಿರುಗಿಯೂ ನೋಡುವುದಿಲ್ಲ ಅನ್ನಿಸುತ್ತಿತ್ತು.

"ಯಾಕೆ ಇಷ್ಟು ದಿನ ಬರಲಿಲ್ಲ?"

"ಕೆಲಸ ಇಲ್ಲದೋನು ಯಾವ ಮುಖ ಇಟ್ಕೊಂಡು ಬರ್ಲಿ? ಆಮೇಲೆ ಅನ್ನಿಸ್ತು, ಬದಿಯಲ್ಲಿ ಉಳಿದಿರೋದು ಎಷ್ಟು ದಿನವೋ. ಅದನ್ನ ಅಕ್ಕನ ಮನೆ ಗೋಡೆ ನೋಡ್ತಾ ಕಳೀಬೇಕಾ?"

"ಉಳಿದಷ್ಟು ದಿನ ನಾನು ಬದಿಯಲ್ಲೇ ಕೂರ್ತೀನಿ."

"ಬೀದಿಯವರು ಮಾತಾಡ್ತಾರೆ."

"ಮಾತಾಡ್ಲಿ. ಅವರ ಕೋಟೆಲ್ಲ ನನ್ನ ಹತ್ರಾನೇ ಬರಬೇಕು."

ಅವರು ನಕ್ಕರು. ಈ ಸಲ ಅದು ನಗುವೇ.

ಡಬ್ಬಿ ತೆಗೆದು ಹೊಸ ಕನ್ನಡಕ ಹಾಕಿಕೊಂಡೆ. ಮೂಗನ್ನು ಅವರ ಕಡೆ ತಿರುಗಿಸಿ, ಗದ್ದ ಒಂದಿಷ್ಟು ಎತ್ತಿದೆ. ಗಾಜಿನ ನಡುಭಾಗ ಸಿಕ್ಕಿತು. ಕೆನ್ನೆಯ ಕೆಳಗೆ ಶೇವ್ ಮಾಡುವಾಗ ಉಳಿದ ನಾಲ್ಕು ಬಿಳಿ ಕೂದಲು, ಒಂದು ಹಳೆಯ ಗಾಯದ ಗುರುತು, ಕಣ್ಣ ತುದಿಯಲ್ಲಿ ನನಗಾಗಿ ಹೊರಳಿ ನಿಂತ ನೋಟ. ಸುತ್ತಲಿನ ಬೀದಿಯೆಲ್ಲ ಮಬ್ಬು.

"ನಿಮ್ಮ ಕೆನ್ನೆ ಮೇಲೆ ದಾರ ಅಂಟಿದೆ," ಎಂದರು ಕಂಬವನ್ನು ನೋಡುತ್ತ. "ನೀಲಿ ದಾರ."

ಬೆರಳಿನಿಂದ ತೆಗೆದು ನೋಡಿದೆ. ಹಸಿರು. ಅವರ ಕಣ್ಣಿಂದ ಬಣ್ಣವೂ ಹೋಗಲು ಶುರುವಾಗಿತ್ತು. ಹೌದು, ನೀಲಿ ಎಂದುಬಿಡುವುದು ನಾಲಿಗೆಯ ತುದಿಗೆ ಬಂತು. ಬಹಳ ಸುಲಭವಿತ್ತು.

"ಹಸಿರು," ಎಂದೆ.

ಕಂಬದ ದೀಪ ಹೊತ್ತಿಕೊಂಡಿತು.

"ಸರಿ, ಹಸಿರು," ಎಂದರು ಆಮೇಲೆ. ನನ್ನ ಕೈಯನ್ನು ಹುಡುಕದೆಯೇ ಹಿಡಿದರು.