ಕಾಯಿನೀರು ಕುಡಿದ ಕಾರು

"ಕೈ ತೆಗೀರಿ! ಸುಟ್ಟುಕೊಳ್ತೀರಾ!"

ಡಾಕ್ಟರ್ ಪದ್ಮಜಾ ಬೆಚ್ಚಿ ಹಿಂದೆ ಸರಿದಳು. ಅವಳ ಹಳೇ ಕಾರಿನ ಬಾನೆಟ್ ಒಳಗಿಂದ ಹೊಗೆ ಏಳುತ್ತಿತ್ತು. ೧೯೭೨ರ ದೀಪಾವಳಿ. ಪರದೇಶದ ವಾರೆನ್ ಊರಿನಲ್ಲಿದ್ದ ವತ್ಸಲಾ ಆಂಟಿ ಮನೆಗೆ ಊಟಕ್ಕೆಂದು ಬಂದವಳಿಗೆ ಬಾಗಿಲಲ್ಲೇ ಮಂಗಳಾರತಿ!

ಕೂಗಿದವನು ಹಯವದನ. ಮೈಸೂರಿನ ಹುಡುಗ, ಅಲ್ಲೇ ಕಾರು ಕಂಪನಿಯಲ್ಲಿ ಎಂಜಿನಿಯರ್. ಬ್ಯಾಟರಿ ವೈರು ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ಬಗ್ಗಿದ. ಹೆಡ್‌ಲೈಟಿನ ವೈರುಗಳು ಸೇರುವಲ್ಲಿ ಹಸಿರು ಕಿಲುಬು, ಕರಗಿದ ಪ್ಲಾಸ್ಟಿಕ್... ಪಕ್ಕದಲ್ಲೇ ಕುಂಕುಮ!

"ಇದರ ಮೇಲೆ ಏನು ಸುರಿದ್ರಿ?"

"ಆಯುಧಪೂಜೆ ದಿನ ಕಾಯಿ ಒಡೆದು... ಆ ನೀರು ಪ್ರೋಕ್ಷಣೆ ಮಾಡ್ದೆ. ಸ್ವಲ್ಪ ಜಾಸ್ತೀನೇ..."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಡಾಕ್ಟರಮ್ಮಾ, ಅದರಲ್ಲಿ ಉಪ್ಪಿನಂಶ ಇರುತ್ತೆ. ಕಿಲುಬು ಹಿಡಿದ್ರೆ ಕರೆಂಟ್ ಸಲೀಸಾಗಿ ಹೋಗಲ್ಲ, ಅಲ್ಲೇ ಬಿಸಿಯಾಗಿ ವೈರು ಸುಡುತ್ತೆ. ಇಷ್ಟೂ ಗೊತ್ತಾಗಲ್ವಾ?"

ನಾಲ್ಕು ಜನರ ಎದುರು! ಪದ್ಮಜಾಗೆ ಅಳುವೇ ಬಂತು.

ಮರುದಿನ ಆಂಟಿಯ ಗರಾಜಿನಲ್ಲಿ ಅವನೇ ಸುಟ್ಟ ವೈರು ಕತ್ತರಿಸಿದ, ಕಿಲುಬು ಕೆರೆದ, ಹೊಸ ಕನೆಕ್ಟರ್ ಹಾಕಿ ಗ್ರೀಸ್ ತುಂಬಿದ. ಅವಳು ಟಾರ್ಚ್ ಹಿಡಿದಿದ್ದಳು. ಬೆಳಕು ವೈರಿನ ಮೇಲಿತ್ತು, ಕಣ್ಣು ಅವನ ಮೇಲೆ!

ಆದರೂ ಬಿಂಕ ಬಿಡಬೇಕಲ್ಲ?

"ಥ್ಯಾಂಕ್ಸ್. ಇನ್ನು ನಿಮಗೆ ತೊಂದರೆ ಕೊಡಲ್ಲ," ಎಂದುಬಿಟ್ಟಳು.

ಅವನ ಮುಖ ಸಪ್ಪಗಾಯಿತು. 'ನನ್ನ ಕಂಡರೆ ಆಗಲ್ಲ ಇವಳಿಗೆ' ಎಂದುಕೊಂಡು ಹೊರಟೇಹೋದ.

ಮೂರು ವಾರ ಸದ್ದಿಲ್ಲ. ಆಮೇಲೆ ಆಂಟಿಯ ಫೋನು.

"ಹಯವದನನಿಗೆ ಎಲ್ಕ್ ಗ್ರೋವ್‌ನಲ್ಲಿ ಕೆಲಸ ಸಿಕ್ಕಿದೆಯಂತೆ ಕಣೆ. ಸೋಮವಾರ ಹೂಂ ಅಂದ್ರೆ ಮುಗೀತು, ಈ ಊರು ಬಿಟ್ಟು ಚಿಕಾಗೋ ಕಡೆ ಹೊರಟ ಹಾಗೇ!"

ಪದ್ಮಜಾ ಫೋನಿಟ್ಟಳು. ಹೋಗಿಬಿಟ್ಟರೆ?... ಯಾವ ಮುಖ ಇಟ್ಟುಕೊಂಡು ಕರೆಯಲಿ?

ಭಾನುವಾರ ಬೆಳಿಗ್ಗೆ ಅಂಗಡಿಯಿಂದ ತೆಂಗಿನಕಾಯಿ ತಂದಳು. ಒಡೆದಳು. ಬಾನೆಟ್ ಎತ್ತಿ ನೀರು ಸುರಿದಳು. ಆಮೇಲೆ ಫೋನ್ ಮಾಡಿದಳು.

"ಕಾರಲ್ಲಿ ಮತ್ತೆ ಹೊಗೆ ಬರ್ತಿದೆ..."

ಅವನು ಬಂದ. ಬಾನೆಟ್ ಎತ್ತಿದ. ಎಲ್ಲ ಒದ್ದೆ, ಬ್ಯಾಟರಿ ಮೇಲೊಂದು ಕಾಯಿಚೂರು ಬೇರೆ!

"ಇವತ್ತು ಯಾವ ಹಬ್ಬ ರೀ?"

ಪದ್ಮಜಾಳ ಕಣ್ಣು ತುಂಬಿತು. "ಬೇಕಂತಲೇ ಸುರಿದೆ. ನಿಮ್ಮನ್ನ ಕರೆಯೋಕೆ ಬೇರೆ ನೆಪ ಸಿಗಲಿಲ್ಲ. ಹೋಗಬೇಡಿ... ನಂಗೆ ನೀವು ಬೇಕು!"

ಈ ಸಲ ಅವನು ನಗಲಿಲ್ಲ.

"ಹೊಗೆ ಬರ್ತಿಲ್ಲ ಅಂತ ಫೋನಲ್ಲೇ ಗೊತ್ತಾಯ್ತು. ಅವತ್ತು ಗ್ರೀಸ್ ತುಂಬಿದ್ದೀನಲ್ಲ, ಅಷ್ಟು ಬೇಗ ಕೆಡಲ್ಲ."

"ಹಾಗಾದ್ರೆ... ಯಾಕೆ ಬಂದ್ರಿ?"

"ನೀವು ಸುಳ್ಳು ಹೇಳ್ತಿದ್ದೀರ ಅಂತಾನೇ ಓಡಿಬಂದೆ."

"ಮತ್ತೆ ಎಲ್ಕ್ ಗ್ರೋವ್?"

"ನಾಳೆ ಬೇಡ ಅಂತ ಹೇಳ್ತೀನಿ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಒಡೆದಿಟ್ಟ ಕಾಯಿಹೋಳು ಎತ್ತಿಕೊಂಡಳು. "ಕಾಯಿ ಉಳಿದಿದೆ. ಚಟ್ನಿ ಅರೀತೀನಿ, ಊಟ ಮಾಡ್ಕೊಂಡು ಹೋಗಿ."

"ಊಟ ಮಾಡ್ತೀನಿ," ಎಂದ ಹಯವದನ, ಅವಳ ಕೈಯಿಂದ ಕಾಯಿಹೋಳು ತೆಗೆದುಕೊಳ್ಳುತ್ತ. "ಆದ್ರೆ 'ಹೋಗಿ' ಅನ್ನೋದು ಇವತ್ತಿಗೆ ಬಿಟ್ಟುಬಿಡಿ."