ಹನ್ನೊಂದು ‘ಆಯ್ತು’

“ಕತ್ತೆಯ ತಲೆ ಎಲ್ಲೋ?” ಎಂದು ಅಕ್ಷಯಾ ಕೇಳಿದಳು.

ಚಿರಂತನ್ ಕೈಯಲ್ಲಿ ಬರೀ ಬೂದು ಬಣ್ಣದ ಕಾಲುಚೀಲ ಇತ್ತು. ಕಿವಿ ಇಲ್ಲ, ಕಣ್ಣೂ ಇಲ್ಲ. “ಇನ್ನೂ ಮಾಡಿಲ್ಲ,” ಎಂದ.

“ಬೋರ್ಡಲ್ಲಿ ಆಯ್ತು ಅಂತ ಹಾಕಿದ್ಯಲ್ಲ?”

“ಹೂಂ, ಹಾಕ್ದೆ.”

ಮುಂದಿನ ಶನಿವಾರ ಅಮೆರಿಕದ ಕಮ್ಮಿಂಗ್‌ನ ಕನ್ನಡ ಶಾಲೆಯ ವಾರ್ಷಿಕೋತ್ಸವ. ಅಕ್ಷಯಾ, ಚಿರಂತನ್, ಸಿದ್ದೇಶ್ವರಿ ಮೂವರೂ ಸೇರಿ ಕಾಲುಚೀಲದ ಗೊಂಬೆಯಾಟ ಆಡಿಸುವವರಿದ್ದರು. ಯಾರ ಕೆಲಸ ಯಾವುದು ಎಂದು ಮರೆಯದಿರಲು ಅಕ್ಷಯಾ ಲ್ಯಾಪ್‌ಟಾಪಿನಲ್ಲಿ ಒಂದು ಟಾಸ್ಕ್ ಬೋರ್ಡ್ ಮಾಡಿದ್ದಳು. ಅಪ್ಪನ ಆಫೀಸಿನಲ್ಲಿ ಇರುವಂಥದ್ದೇ. ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡ್. ಕಾರ್ಡ್ ಇಡಲು ಎರಡು ಕಾಲಂ: ‘ಮಾಡಬೇಕು’ ಮತ್ತು ‘ಆಯ್ತು’. ಕನ್ನಡದಲ್ಲೇ ಹೆಸರಿಟ್ಟೆ ಎಂದು ಅವಳಿಗೆ ಸ್ವಲ್ಪ ಜಂಬವೂ ಇತ್ತು.

ನಿನ್ನೆ ನೋಡಿದರೆ ಹನ್ನೊಂದು ಕಾರ್ಡೂ ‘ಆಯ್ತು’ ಕಾಲಂನಲ್ಲಿ ಕೂತಿದ್ದವು. ಖುಷಿಯಾಗಿ ಅಕ್ಷಯಾ ಟೀಚರ್ ವಿದ್ಯಾವತಿ ಆಂಟಿಗೆ ಫೋನ್ ಮಾಡಿ, “ಎಲ್ಲಾ ರೆಡಿ ಆಂಟಿ, ನಾಳೆ ಬಂದು ನೋಡಿ,” ಎಂದುಬಿಟ್ಟಿದ್ದಳು. ಆಂಟಿ ಇವತ್ತು ಐದು ಗಂಟೆಗೆ ಬರುವವರಿದ್ದರು. ಆಟ ತಯಾರಿಲ್ಲದಿದ್ದರೆ ವೇದಿಕೆಯಲ್ಲಿ ಇವರಿಗೆ ಸಿಕ್ಕಿದ್ದ ಹತ್ತು ನಿಮಿಷ ಬೇರೆ ಮಕ್ಕಳ ಪಾಲಾಗುತ್ತಿತ್ತು. ಈಗಾಗಲೇ ನಾಲ್ಕು ಗಂಟೆ.

“ಪರದೆ?”

“ಹೊಲೀಬೇಕು,” ಎಂದಳು ಸಿದ್ದೇಶ್ವರಿ ಮೆಲ್ಲಗೆ.

ಅಕ್ಷಯಾಳಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. “ಯೂ ಲೈಡ್, ಚಿರಂತನ್. ಸುಳ್ಳು ಹಾಕಿದ್ದೀಯ.”

“ಐ ಡಿಡಂಟ್,” ಎಂದ ಚಿರಂತನ್. ಅವನ ಮುಖ ಕೆಂಪಾಯಿತು. ಕಾಲುಚೀಲವನ್ನು ತಿರುಚತೊಡಗಿದ.

ಅಡುಗೆಮನೆಯಿಂದ ಅಮ್ಮ ಕೂಗಿದರು. “ಅಕ್ಷಯಾ, ಬಾಗಿಲ ಹತ್ರ ಇರೋ ಶೂಗಳನ್ನೆಲ್ಲ ಗರಾಜಲ್ಲಿ ಇಡು. ಆಂಟಿ ಬರ್ತಾರೆ.”

“ಆಯ್ತಮ್ಮ,” ಎಂದಳು ಅಕ್ಷಯಾ, ಕೂತಲ್ಲಿಂದಲೇ.

ಸಿದ್ದೇಶ್ವರಿ ಬಾಗಿಲ ಕಡೆ ನೋಡಿದಳು. ಶೂಗಳು ಅಲ್ಲೇ ಇದ್ದವು. “ಆಗಿಲ್ವಲ್ಲ?” ಎಂದಳು.

“ಮಾಡ್ತೀನಿ ಅಂತ ಹೇಳಿದ್ದು...” ಅಕ್ಷಯಾ ಅರ್ಧಕ್ಕೇ ನಿಲ್ಲಿಸಿದಳು.

“ನಾವೂ ಅದಕ್ಕೇ ಹಾಕಿದ್ದು,” ಎಂದ ಚಿರಂತನ್. “ನೀನು ಕೆಲಸ ಕೊಟ್ಟೆ. ನಾವು ಓಕೆ, ಆಯ್ತು ಅಂದ್ವಿ.”

ಅಕ್ಷಯಾ ಎದ್ದು ಮೊದಲು ಶೂಗಳನ್ನು ಗರಾಜಿನಲ್ಲಿಟ್ಟು ಬಂದಳು. ಆಮೇಲೆ ಅಮ್ಮನ ಫೋನ್ ತೆಗೆದುಕೊಂಡು ಆಂಟಿಗೆ ನಡೆದದ್ದನ್ನೆಲ್ಲ ಹೇಳಿದಳು.

ಆ ಕಡೆಯಿಂದ ಆಂಟಿ ನಕ್ಕರು. “ಇಷ್ಟೇ ಏನು? ನಾ ಇನ್ನಾ ನಾರ್‌ಕ್ರಾಸ್‌ನ ಅಂಗಡ್ಯಾಗ ಕಾಯಿಪಲ್ಯ ತಗೋಳಾಕತ್ತೀನಿ. ಗುರುವಾರ ಬರ್ತೀನಿ, ಅಷ್ಟರಾಗ ಮುಗಸ್ರಿ. ನಿಮ್ಮ ಹತ್ತು ನಿಮಿಷ ಎಲ್ಲೂ ಹೋಗಂಗಿಲ್ಲ.”

ಅಕ್ಷಯಾಳ ಎದೆ ಹಗುರಾಯಿತು. ಮೂವರೂ ಲ್ಯಾಪ್‌ಟಾಪಿನ ಮುಂದೆ ಒತ್ತಿಕೊಂಡು ಕೂತರು. ಸಿದ್ದೇಶ್ವರಿ ಹೇಳಿದಂತೆ ನಡುವೆ ‘ಮಾಡ್ತೀನಿ’ ಎಂಬ ಹೊಸ ಕಾಲಂ ಬಂತು. ‘ಆಯ್ತು’ ಹೋಗಿ ‘ಮುಗೀತು’ ಆಯಿತು. ಫೋಟೋ ಹಾಕದೆ ಯಾವ ಕಾರ್ಡೂ ಅಲ್ಲಿಗೆ ಹೋಗಬಾರದು ಎಂದ ಚಿರಂತನ್. ಬೋರ್ಡ್ ಮಾಡುವಾಗಲೇ ಇವರನ್ನು ಕೇಳಬಹುದಿತ್ತು ಎಂದು ಅಕ್ಷಯಾಳಿಗೆ ಅನ್ನಿಸಿತು.

ಚಿರಂತನ್ ಕತ್ತೆಯ ಕಿವಿ ಕತ್ತರಿಸತೊಡಗಿದ. ಅಕ್ಷಯಾ ಹೋಗಿ ಅವನ ಪಕ್ಕ ಕೂತಳು.

“ನೀನು ಸುಳ್ಳು ಹೇಳಿರ್ಲಿಲ್ಲ. ಕೇಳ್ದೇನೇ ಬೈದ್ಬಿಟ್ಟೆ. ಸಾರಿ ಕಣೋ.”

“ಆಯ್ತು,” ಎಂದ ಅವನು, ಕತ್ತರಿಯಿಂದ ಕಣ್ಣೆತ್ತದೆ.

ಯಾವ ‘ಆಯ್ತು’ ಎಂದು ಅವಳು ಕೇಳಲಿಲ್ಲ. ಇನ್ನೊಂದು ಕಿವಿಯ ಬಟ್ಟೆಯನ್ನು ಅವನೇ ಅವಳ ಕಡೆ ತಳ್ಳಿದ.