ಷಡ್ಡಕನ ಬೈಕಿನ ಸದ್ದು

ಹನ್ನೆರಡು ವರ್ಷ ಮಾವನ ಮನೆಯ ಫ್ಯಾನು, ಮಿಕ್ಸಿ, ಕರೆಗಂಟೆ ಎಲ್ಲವನ್ನೂ ಬಿಟ್ಟಿಯಾಗಿ ರಿಪೇರಿ ಮಾಡಿದ ಹಿರಿ ಅಳಿಯನಿಗೆ ಸಿಕ್ಕ ಬಿರುದು, 'ಪಾಪ, ಒಳ್ಳೆಯವನು.' ಕಿರಿ ಅಳಿಯ ಮಾಡಿದ್ದು ಇಷ್ಟೇ: ನಾಲ್ಕು ಸ್ಪೀಕರಿನ ದೊಡ್ಡ ಬೈಕು ತಂದು, ಮಾವನನ್ನು ಹಿಂದೆ ಕೂರಿಸಿಕೊಂಡು, ಹಾಡು ಹಾಕಿ ಊರು ಸುತ್ತಿಸಿದ. ಅಂದಿನಿಂದ ಮಾವನಿಗೆ ಅವನದೇ ಜಪ. ಹಿರಿಯವನಿಗೆ ಹೊಟ್ಟೆ ಉರಿಯದೆ ಇದ್ದೀತೇ? ಅವನೂ ಮನುಷ್ಯನೇ.

ಬೈಕುಗಳ ಆಡಿಯೋ ರಿಪೇರಿ ಅವನ ಕಸುಬು. ಒಂದು ಶುಕ್ರವಾರ ಆ ಬೈಕು ಅವನ ಅಂಗಡಿಗೇ ಬಂತು.

"ಭಾವ, ಹಾಡಿನ ಮಧ್ಯೆ ಕರಕರ ಅನ್ನುತ್ತೆ. ಗುಂಡಿಗೆ ಇಳಿದ್ರೆ ಬಾಯೇ ಮುಚ್ಕೊಳ್ಳುತ್ತೆ," ಎಂದ ಷಡ್ಡಕ.

"ಒಳಗೆ ಏನು ಸುಟ್ಟಿದ್ಯೋ ನೋಡ್ಬೇಕಪ್ಪ. ಭಾನುವಾರ ಮಾವನ ಮನೆಗೇ ತಂದ್ಕೊಡ್ತೀನಿ."

ನೋಡುವುದೇನು ಬಂತು, ಮಣ್ಣು! ಸೀಟು ಬಿಚ್ಚಿದರೆ ಅರ್ಥಿಂಗ್ ತಂತಿಯ ಬೋಲ್ಟು ಸಡಿಲವಾಗಿತ್ತು. ತುಕ್ಕು ಕೆರೆದು ಬಿಗಿದ. ಐದು ನಿಮಿಷದ ಕೆಲಸ. ಆದರೆ ಪಕ್ಕದಲ್ಲೇ ಆಂಪ್ಲಿಫಯರ್ ಮೆರೆಯುತ್ತಿತ್ತು. ಷಡ್ಡಕನ ಸೊಕ್ಕೆಲ್ಲ ಆ ಪುಟ್ಟ ಡಬ್ಬಿಯಲ್ಲೇ ಇದೆ ಅನಿಸಿತು ಅವನಿಗೆ.

ಅದನ್ನು ಬಿಚ್ಚಿಕೊಂಡ. ಅಷ್ಟೇ ಅಳತೆಯ ಒಂದು ಕಳಪೆ ಮಾಲು ಕೂರಿಸಿದ. ಎರಡು ತಿಂಗಳಲ್ಲಿ ಅದು ಸಾಯುತ್ತದೆ, ದೇವರ ದಯೆಯಿದ್ದರೆ ಮಾವ ಹಿಂದೆ ಕೂತಿರುವಾಗಲೇ. ಹೊಸತೆಂದು ತಿಳಿಯದ ಹಾಗೆ ಅದರ ಮೇಲೆ ಹಳೇ ಧೂಳನ್ನೇ ಉದುರಿಸಿದ. ಸ್ಕ್ರೂ ಮೇಲಿನ ಗೀರಿಗೆ ಬಣ್ಣ ತಾಗಿಸಿದ. ಕೇಳಿದರೆ ತೋರಿಸಲು ಗುಜರಿಯಿಂದ ಸುಟ್ಟು ಕರಿಯಾದ ಒಂದು ಚಿಕ್ಕ ಬಿಡಿಭಾಗ ಹುಡುಕಿಟ್ಟ. ಷಡ್ಡಕ ಅದನ್ನು ನೋಡುವುದೂ ಒಂದೇ, ಕುರುಡನ ಕೈಗೆ ಕನ್ನಡಿ ಕೊಡುವುದೂ ಒಂದೇ. ಅಸಲಿ ಮಾಲು ಸಂಜೆಯೇ ಹಳೇ ಸಾಮಾನಿನವನ ಕೈ ಸೇರಿತು. "ನಾನೊಬ್ಬನೇ ಇದ್ದಾಗ ಮಾತ್ರ ಈ ವಿಷಯ ಎತ್ತಬೇಕು," ಎಂದು ಅವನಿಗೆ ಎಚ್ಚರಿಕೆಯನ್ನೂ ಕೊಟ್ಟ.

ಕಳ್ಳತನವಾದರೂ ಕೆಲಸ ಕೆಲಸವೇ. ಪರೀಕ್ಷಿಸದೆ ಗಾಡಿ ಬಿಟ್ಟವನಲ್ಲ ಅವನು. ತನ್ನ ಫೋನನ್ನೇ ಬ್ಲೂಟೂತಿಗೆ ಜೋಡಿಸಿ ಮೂರು ಹಾಡು ಪೂರ್ತಿ ಕೇಳಿದ. ಒಂದು ಕರಕರವೂ ಇರಲಿಲ್ಲ.

ಭಾನುವಾರ ಅಂಗಳದಲ್ಲಿ ಮನೆಮಂದಿಯೆಲ್ಲ ಬೈಕಿನ ಸುತ್ತ ನೆರೆದರು. ಷಡ್ಡಕ ರೇಡಿಯೋ ಹಾಕಿ ಸದ್ದು ಏರಿಸಿದ. ಸುಟ್ಟ ಬಿಡಿಭಾಗ ನೋಡಿ ಅತ್ತೆ ಹೌಹಾರಿದರು.

"ಏನೇ ಅನ್ನಿ, ಕೈಯಲ್ಲಿ ವಿದ್ಯೆ ಇರೋನು ನಮ್ಮ ಹಿರಿ ಅಳಿಯನೇ!" ಎಂದರು ಮಾವ.

ಹನ್ನೆರಡು ವರ್ಷ ಕಾದ ಮಾತು! ಅವನ ಕಣ್ಣು ತುಂಬಿ ಬಂತು. ಹೆಂಡತಿ ತಂಗಿಯ ಕಡೆ ನೋಡಿ ಬೀಗಿದಳು. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ನಡುಗಿತು. ಹಳೇ ಸಾಮಾನಿನವನು. ಎಚ್ಚರಿಕೆಯ ಮನುಷ್ಯನಲ್ಲವೇ, ಸರಸರ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೇ ಫೋನು ಎತ್ತಿದ.

"ಹಾಂ, ಒಬ್ಬನೇ ಇದ್ದೀನಿ, ಹೇಳು."

ಕಿವಿಯಲ್ಲಿ ಏನೂ ಕೇಳಿಸಲಿಲ್ಲ. "ಹಲೋ? ಕೇಳಿಸ್ತಿಲ್ಲ ಮಾರಾಯಾ, ಜೋರಾಗಿ ಹೇಳು!" ಎಂದು ಕೂಗಿದ. ಹೊರಗೆ ರೇಡಿಯೋ ಹಾಡು ಆಗಲೇ ನಿಂತಿತ್ತು. ಅದರ ಜಾಗದಲ್ಲಿ ನಾಲ್ಕೂ ಸ್ಪೀಕರಿನಿಂದ, ಕರಕರವಿಲ್ಲದೆ, ಬೀದಿ ಕೊನೆಯವರೆಗೂ ಕೇಳುವ ಹಾಗೆ ಒಂದು ದನಿ ಮೊಳಗಿತು: "ಅಣ್ಣಾ, ನಿನ್ನ ಷಡ್ಡಕನ ಬೈಕಿಂದ ಬಿಚ್ಕೊಂಡು ಬಂದ್ಯಲ್ಲ, ಆ ಆಂಪ್ಲಿಫಯರ್‌ಗೆ ಗಿರಾಕಿ ಸಿಕ್ಕಿದ! ಅಂದಹಾಗೆ, ಅವನಿಗೆ ಹಾಕಿದ ಡಕೋಟ ಇನ್ನೂ ಬದುಕಿದ್ಯಾ?" ಧೂಳು, ಗೀರು, ಗುಜರಿ ಎಲ್ಲವನ್ನೂ ನೆನಪಿಟ್ಟಿದ್ದ ಜಾಣ, ಶುಕ್ರವಾರ ಬೈಕಿಗೆ ಜೋಡಿಸಿದ ತನ್ನ ಫೋನನ್ನು ಬಿಡಿಸಲು ಮರೆತಿದ್ದ.